ಉಂಡ ಮೇಲೆ ಹೇಳುವ ಮಾತು

"ಬದುಕಿರೋರ ತಿಥಿ ಊಟಾನೇ ಬಡಿಸ್ತಾ ಇದಾಳಲ್ಲಪ್ಪ ಈಯಮ್ಮ!"

ಹಿಂದಿನ ಸಾಲಿನಲ್ಲಿ ಯಾರೋ ಕನ್ನಡದಲ್ಲಿ ಗೊಣಗಿದ್ದು ವೇದಿಕೆಯ ಮೇಲಿದ್ದ ಚಿನ್ಮಯಿಗೆ ಚೆನ್ನಾಗಿಯೇ ಕೇಳಿಸಿತು. ಚೆನ್ನೈಯ ತರಮಣಿಯ ಆ ಸಭಾಂಗಣದಲ್ಲಿ ಕೂತವರೆಲ್ಲ ವೆಬ್‌ಸೈಟ್ ಕಟ್ಟುವ ಡೆವಲಪರ್‌ಗಳು. ಸೈಟ್ ಕಟ್ಟುವ ತಂತ್ರಜ್ಞಾನಗಳಲ್ಲಿ ಯಾವುದಕ್ಕೆ ಎಷ್ಟು ಪಾಲು, ಯಾವುದು ಏರುತ್ತಿದೆ, ಯಾವುದು ಇಳಿಯುತ್ತಿದೆ ಎಂದು ಮೂರು ತಿಂಗಳಿಗೊಮ್ಮೆ ಲೆಕ್ಕ ಹಾಕಿ ಹೇಳುವುದು ಚಿನ್ಮಯಿಯ ಕೆಲಸ. ಪರದೆಯ ಮೇಲಿನ ದೇಶದ ಲೆಕ್ಕದಲ್ಲಿ ರಿಯಾಕ್ಟ್ ಮತ್ತು ಅದರ ಓರಗೆಯವುಗಳ ಗೆರೆಗಳು ಮೇಲೆ ಇದ್ದವು. ಎಲ್ಲಕ್ಕಿಂತ ಕೆಳಗೆ ಕೆಂಪು ಗೆರೆಯೊಂದು ಮೆಲ್ಲಗೆ ಜಾರುತ್ತಿತ್ತು. ಅದರ ಹೆಸರು ಹೆರಾನ್. ಒಂದು ಕಾಲಕ್ಕೆ ಊರಿನ ಅರ್ಧ ಆಸ್ಪತ್ರೆಗಳ ಸೈಟುಗಳನ್ನು ಅದರಲ್ಲೇ ಕಟ್ಟಿದ್ದರು.

ಚಿನ್ಮಯಿ ಮೈಕನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. "ತಿಥಿ ಊಟದ ವಡೆ ಚೆನ್ನಾಗಿರುತ್ತೆ ಸಾರ್. ಕೂತು ತಿಂದ್ಕೊಂಡೇ ಹೋಗಿ."

ಸಭೆಗೆ ಏನೂ ತಿಳಿಯಲಿಲ್ಲ. ತಿಳಿದ ಒಬ್ಬನ ಕಿವಿ ಮಾತ್ರ ಕೆಂಪಾಯಿತು. ಆರಡಿ ಆಳು, ಅರ್ಧ ಲೀಟರಿನ ನೀರಿನ ಬಾಟಲಿಯ ಹಿಂದೆ ಮುಖ ಮರೆಸಿಕೊಳ್ಳಲು ನೋಡುತ್ತಿದ್ದ. ಅವಳಿಗೆ ನಗು ತಡೆಯುವುದೇ ಕಷ್ಟವಾಯಿತು.

ಕಾಫಿಯ ಹೊತ್ತಿಗೆ ಅವನು ತಾನಾಗಿಯೇ ಹತ್ತಿರ ಬಂದ. "ಸಾರಿ ಕಣ್ರೀ. ಇಲ್ಲಿ ಕನ್ನಡ ಯಾರಿಗೂ ಬರಲ್ಲ ಅಂದ್ಕೊಂಡೆ."

"ಪರವಾಗಿಲ್ಲ, ವಿಡುಂಗ, ಬಿಟ್ಬಿಡಿ," ಎಂದಳು ತಮಿಳು ಬೆರೆಸಿ. "ನಿಮ್ಮದು ಹೆರಾನ್ ಟೀಮಾ?"

"ಮುಖದಲ್ಲಿ ಬರ್ದಿದ್ಯಾ?"

"ಸೂತಕದ ಕಳೆ ಇದೆ."

ಅವನು ನಕ್ಕ. ನಗುವಾಗ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿದ್ದವು. ಅದನ್ನು ನೋಡಲಿಕ್ಕಾದರೂ ಇನ್ನೊಮ್ಮೆ ನಗಿಸಬೇಕು ಎಂದು ಚಿನ್ಮಯಿಗೆ ಆಗಲೇ ಅನ್ನಿಸಿತು.

ಅವನ ಹೆಸರು ತಿರುಮಲೇಶ, ಮುಳಬಾಗಿಲಿನ ಕಡೆಯವನು. ಪೆರುಂಗುಡಿಯ ಒಂದು ಕಂಪನಿಯಲ್ಲಿ ಹತ್ತು ಹನ್ನೆರಡು ಜನರ ಹೆರಾನ್ ಟೀಮನ್ನು ನೋಡಿಕೊಳ್ಳುತ್ತಿದ್ದ. ಅವರಲ್ಲಿ ಐವತ್ತು ದಾಟಿದ ಸತ್ಯನಾರಾಯಣ ಎಂಬವರಿಗಂತೂ ಹೆರಾನ್ ಬಿಟ್ಟರೆ ಬೇರೆ ವಿದ್ಯೆಯೇ ಗೊತ್ತಿರಲಿಲ್ಲ. ಹೆರಾನ್ ಎಂದರೆ ಕೊಕ್ಕರೆ. ಅದರ ಲಾಂಛನವೂ ಒಂಟಿ ಕಾಲಿನಲ್ಲಿ ನಿಂತ ಕೊಕ್ಕರೆಯೇ. ಹಾಗಾಗಿ ತಿರುಮಲೇಶನ ಬಾಯಲ್ಲಿ ಅದು 'ನಮ್ಮ ಕೊಕ್ಕರೆ' ಆಗಿತ್ತು.

ಇಬ್ಬರ ವಾಸವೂ ವೆಸ್ಟ್ ಮಾಂಬಲಂನಲ್ಲೇ ಎಂದು ಗೊತ್ತಾದ ಮೇಲೆ ಬೆಳಗಿನ ಲೋಕಲ್ ರೈಲು ಜೊತೆಯ ರೈಲಾಯಿತು. ಅವಳ ಆಫೀಸು ಗಿಂಡಿಯಲ್ಲಿ. ಅವನೂ ಅಲ್ಲೇ ಇಳಿದು ಬಸ್ ಹಿಡಿಯುತ್ತಿದ್ದ. ನಡುವೆ ಇರುವುದು ಸೈದಾಪೇಟೆ ಒಂದೇ. ಅಷ್ಟು ಚಿಕ್ಕ ದಾರಿಗೆ ಚಿನ್ಮಯಿ ಹೊಸ ಕಿವಿಯೋಲೆ ಹಾಕಿಕೊಳ್ಳುವುದನ್ನು ಅಜ್ಜಿ ಗಮನಿಸಿ ಸುಮ್ಮನಿದ್ದಳು.

ಬಾಗಿಲ ಹತ್ತಿರದ ಕಂಬಿ ಹಿಡಿದು ನಿಂತರೆ ಗಾಳಿಗೆ ಅವಳ ಕೂದಲು ಅವನ ಅಂಗಿಯ ತೋಳಿಗೆ ತಾಗುತ್ತಿತ್ತು. ಅವನು ತೋಳನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ, ಅವಳು ಕೂದಲು ಕಟ್ಟಿಕೊಳ್ಳುತ್ತಿರಲಿಲ್ಲ. ಇಬ್ಬರೂ ಹೊರಗೆ ನೋಡುತ್ತಿದ್ದರು. ಯಾವಾಗ 'ನೀವು' ಹೋಗಿ 'ನೀನು' ಬಂತೋ ಇಬ್ಬರಿಗೂ ನೆನಪಿಲ್ಲ.

"ಕೊಕ್ಕರೆ ಹೇಗಿದೆ?" ದಿನಾ ಅವನು ಕೇಳುವ ಮೊದಲ ಪ್ರಶ್ನೆ.

"ನಿಂತಿದೆ."

"ಒಂದೇ ಕಾಲಲ್ಲಾ?"

"ಒಂದೇ ಕಾಲಲ್ಲಿ. ಸುಮ್ಮಾ ಇರು, ಎಲ್ಲಾರೂ ನೋಡ್ತಾರೆ."

ಪ್ರೀತಿಯಲ್ಲಿ ಬಿದ್ದವರಿಗೆ ಇಂಥ ಎರಡು ಮಾತೇ ಸಾಕು. ಆದರೆ ಆ ಹುಡುಗಾಟದ ಮಾತೇ ಮುಂದೆ ಕೊರಳಿಗೆ ಉರುಳಾಗುತ್ತದೆಂದು ಅವಳಿಗೆ ಯಾರು ಹೇಳಬೇಕು?

ಅಪ್ಪ ಅಮ್ಮ ಬ್ಯಾಂಕಿನ ವರ್ಗಾವಣೆಯ ಮೇಲೆ ಮಧುರೈಗೆ ಹೋದಾಗಿನಿಂದ ಚಿನ್ಮಯಿ ಅಜ್ಜಿ ಶಿವಲಿಂಗಮ್ಮನ ಜೊತೆ ಇದ್ದಳು. ಒಂದು ಭಾನುವಾರ ಧೈರ್ಯ ಮಾಡಿ ತಿರುಮಲೇಶನನ್ನು ಮನೆಗೆ ಕರೆದಳು. ಅಜ್ಜಿ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಮುದ್ದೆ ಮುರಿಯುವ ರೀತಿ ನೋಡಿ, ಪಾಸು ಮಾಡಿದಳು. ಅವನು ಸಾಕು ಎಂದರೂ ಬಿಡದೆ ಇನ್ನೊಂದು ಸೌಟು ಸಾರು ಹಾಕಿದಾಗ ಚಿನ್ಮಯಿ ನಕ್ಕಳು.

"ಅಜ್ಜಿ, ಬಲವಂತ ಮಾಡ್ಬೇಡ. ಯಾವ್ದೋ ಕೆಟ್ಟ ಸುದ್ದಿ ಇದೆ ಅಂತ ಹೆದರ್ತಾರೆ."

"ಅದ್ಯಾಕೆ?" ಎಂದ ತಿರುಮಲೇಶ.

ಅಜ್ಜಿ ಸೌಟು ಕೆಳಗಿಟ್ಟಳು. "ನಮ್ಮನೆ ಪದ್ಧತಿ ಕಣಪ್ಪ. ಕೆಟ್ಟ ಸುದ್ದೀನ ಹಸ್ದ ಹೊಟ್ಟೆಗೆ ಹೇಳ್ಬಾರ್ದು. ಉಂಡ ಹೊಟ್ಟೆ ತಡ್ಕತದೆ. ನಾನು ಹೊಸ ಸೊಸೆ ಆಗಿದ್ದಾಗ ಒಂದಿನ ನಮ್ಮತ್ತೆ ಎದುರಿಗೆ ಕೂತು ಉಣ್ಣು ಉಣ್ಣು ಅಂತ ಎರಡು ಮುದ್ದೆ ಉಣ್ಸಿದ್ಳು. ಎಂಥಾ ಅತ್ತೆ ಸಿಕ್ಕಿದ್ಳು ಅಂತ ಹಿಗ್ಗಿ ಹೀರೇಕಾಯಿ ಆದೆ. ಕೈ ತೊಳ್ದ ಮೇಲೆ ಹೇಳಿದ್ಳು, ನಿಮ್ಮಪ್ಪ ಹೋಗ್ಬಿಟ್ರು ಅಂತ." ಅಜ್ಜಿ ಸೌಟನ್ನು ಮತ್ತೆ ಸಾರಿನ ಪಾತ್ರೆಗೆ ಹಾಕಿದಳು. "ಅವತ್ತಿಂದ ಯಾರಾದ್ರೂ ಉಪಚಾರ ಜಾಸ್ತಿ ಮಾಡಿದ್ರೆ ನಂಗೆ ಎದೆ ಢವಢವ. ಒಳ್ಳೇ ಸುದ್ದಿಗೆ ಅದೇನೂ ಇಲ್ಲ. ಅದನ್ನ ಹಸ್ದಾಗ್ಲೇ ಹೇಳ್ಬೋದು."

ತಿರುಮಲೇಶ ನಗಲಿಲ್ಲ. ಅವನ ಕಣ್ಣು ಅಜ್ಜಿಯಿಂದ ಚಿನ್ಮಯಿಯ ಕಡೆಗೆ ಹೊರಳಿ ಅಲ್ಲೇ ನಿಂತವು. ಅವಳು ಮಜ್ಜಿಗೆಯ ನೆಪದಲ್ಲಿ ಎದ್ದು ಒಳಗೆ ಹೋದಳು.

ಮಾರನೆಯ ವಾರ ಮ್ಯಾನೇಜರ್ ದಿನೇಶ್ ಅವಳ ಮೇಜಿನ ಹತ್ತಿರ ಬಂದ. ಒಂದು ಕಂಪನಿ ಹಣ ಕೊಟ್ಟು ವಿಶೇಷ ವರದಿ ಕೇಳಿತ್ತು: ಚೆನ್ನೈ ಸೈಟುಗಳಲ್ಲಿ ಹೆರಾನ್‌ನ ಪಾಲು ಎಷ್ಟು? ಇನ್ನೆಷ್ಟು ದಿನ ಬಾಳುತ್ತದೆ? ಕೇಳಿದ್ದು ತಿರುಮಲೇಶನ ಕಂಪನಿ. ಸಹಿ ಅಲ್ಲಿಯ ಮುಖ್ಯಸ್ಥೆ ರಂಜನಿಯದು.

ಚಿನ್ಮಯಿ ಆ ಸಹಿಯನ್ನು ಇನ್ನೊಮ್ಮೆ ಓದಿದಳು. ಇಂಥ ಪ್ರಶ್ನೆ ಕೇಳುವವರು ಉತ್ತರಕ್ಕಾಗಿ ಕೇಳುವುದಿಲ್ಲ, ನೆಪಕ್ಕಾಗಿ ಕೇಳುತ್ತಾರೆ. ಇದು ಅವಳು ಕಂಡ ಸತ್ಯ. ಮೊದಲು ಪ್ರಶ್ನೆ ಬರುತ್ತದೆ. ಅವಳು ಗೆರೆ ಎಳೆದು ಕಳಿಸುತ್ತಾಳೆ. ಕೆಲವು ವಾರಗಳಲ್ಲಿ ಆ ಕಂಪನಿಯವರ ಲಿಂಕ್ಡ್‌ಇನ್ ಫೋಟೋಗಳ ಸುತ್ತ, ಕೆಲಸ ಬೇಕಾಗಿದೆ ಎಂದು ಸಾರುವ ಹಸಿರು ಬಳೆ ಮೂಡುತ್ತದೆ. ಒಂದರ ಹಿಂದೆ ಒಂದು, ಇಡೀ ಟೀಮಿಗೆ.

ಲೆಕ್ಕ ತೆಗೆದಳು. ಅವಳು ಬರೆದ ಪ್ರೋಗ್ರಾಮು ಊರೂರಿನ ಸೈಟುಗಳನ್ನು ಹೊಕ್ಕು, ಪುಟದ ಒಳಬರಹದಲ್ಲಿರುವ ಹೆಸರನ್ನು ಓದಿಕೊಂಡು ಬರುತ್ತಿತ್ತು. ಸ್ಟೀಲ್ ಪಾತ್ರೆಯ ತಳದಲ್ಲಿ ಮನೆಯವರ ಹೆಸರು ಕೊರೆಸಿರುತ್ತಾರಲ್ಲ, ಹಾಗೆ ಪ್ರತಿ ಸೈಟಿನಲ್ಲೂ ಕಟ್ಟಿದ ತಂತ್ರಜ್ಞಾನದ ಹೆಸರು ಇರುತ್ತದೆ. ಹೆಸರು ಸಿಗದವೆಲ್ಲ 'ಇತರೆ' ಎಂಬ ಬೂದು ಪಟ್ಟಿಗೆ ಬೀಳುತ್ತವೆ. ಬೂದು ಪಟ್ಟಿಯನ್ನು ಯಾರೂ ನೋಡುವುದಿಲ್ಲ. ಚಿನ್ಮಯಿಯೂ ನೋಡಲಿಲ್ಲ.

ಚೆನ್ನೈಯ ಕೆಂಪು ಗೆರೆ ಈ ವರ್ಷದ ಮೊದಲಿನಿಂದ ನೇರ ಕೆಳಕ್ಕೆ ಧುಮುಕಿತ್ತು. ಮುಂದಿನ ವರ್ಷದ ಚುಕ್ಕಿಗೆರೆ ನೆಲ ಮುಟ್ಟುತ್ತಿತ್ತು. ಎರಡು ಸಲ ಲೆಕ್ಕ ಮಾಡಿದಳು. ಎರಡು ಸಲವೂ ಅದೇ ಬಂತು. ವರದಿ ಕಳಿಸಿದಳು.

ಒಬ್ಬ ಗ್ರಾಹಕರ ವಿಷಯ ಹೊರಗೆ ಬಾಯಿಬಿಟ್ಟರೆ ಕೆಲಸ ಹೋಯಿತೆಂದೇ ಲೆಕ್ಕ. ಬಾಯಲ್ಲಿ ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಅದನ್ನು ಹಾಗೇ ಇಟ್ಟುಕೊಂಡು ಮಾರನೆಯ ಬೆಳಿಗ್ಗೆ ರೈಲು ಹತ್ತಿದಳು.

ಅವತ್ತು ತಿರುಮಲೇಶ ಬೇರೆಯೇ ಖುಷಿಯಲ್ಲಿದ್ದ. "ಒಂದು ಕಡೆಯಿಂದ ಆಫರ್ ಬಂದಿದೆ ಕಣೆ. ರಿಯಾಕ್ಟ್ ಕೆಲಸ, ದೊಡ್ಡ ಕಂಪನಿ. ಇವತ್ತೇ ಉತ್ತರ ಹೇಳ್ಬೇಕು."

ಅವಳ ಎದೆ ಒಮ್ಮೆಲೇ ಹಗುರವಾಯಿತು. "ಒಪ್ಕೋ."

"ಸುಲಭವಾಗಿ ಹೇಳ್ಬಿಟ್ಟೆ. ನಾನು ಬಿಟ್ರೆ ಸತ್ಯನಾರಾಯಣ ಸಾರ್ ಕಥೆ ಏನು? ಅವರ ಪರವಾಗಿ ಜಗಳ ಆಡೋಕೆ ಇರೋನು ನಾನೊಬ್ಬನೇ." ಫೋನ್ ಕೈಯಲ್ಲಿ ಹಿಡಿದು ಅವಳ ಮುಖ ನೋಡಿದ. "ಟೀಮ್ ಉಳಿಯಲ್ಲ ಅಂದ್ರೆ ಬೇರೆ ಮಾತು. ಆಗ ಅವರಿಗೂ ದಾರಿ ಹುಡುಕಿ, ನಾನೂ ಹೊರಡ್ತೀನಿ. ನೀನು ಲೆಕ್ಕ ನೋಡೋಳು. ನಿಜವಾಗ್ಲೂ ಕೇಳ್ತಾ ಇದೀನಿ. ಕೊಕ್ಕರೆ ಹೇಗಿದೆ?"

ಹೇಳಬಹುದಿತ್ತು. ಕಣ್ಣಿನಲ್ಲಾದರೂ ಹೇಳಬಹುದಿತ್ತು. ಅವಳಿಗೆ ದಿನೇಶ್ ನೆನಪಾದ, ಕೆಲಸ ನೆನಪಾಯಿತು, ಕೊನೆಗೆ ಅಭ್ಯಾಸವೇ ಗೆದ್ದಿತು.

"ನಿಂತಿದೆ."

ರೈಲು ಸೈದಾಪೇಟೆಯಲ್ಲಿ ನಿಂತಿತು. ತಿರುಮಲೇಶ 'ಕ್ಷಮಿಸಿ, ಬರಲಾಗುವುದಿಲ್ಲ' ಎಂದು ಟೈಪು ಮಾಡಿದ. ಅವನ ಹೆಬ್ಬೆರಳು ಸೆಂಡ್ ಒತ್ತುವುದನ್ನು ಚಿನ್ಮಯಿ ನೋಡುತ್ತಲೇ ನಿಂತಳು. ಇಳಿಯುವ ಜನ ಇಬ್ಬರನ್ನೂ ತಳ್ಳಿದಾಗ ಅವನ ಕೈ ಅವಳ ಬೆನ್ನಿಗೆ ಅಡ್ಡ ಬಂತು. ಎಷ್ಟೋ ದಿನದಿಂದ ಬಯಸಿದ ಸ್ಪರ್ಶ ಅದು. ಅವಳಿಗೆ ಅಲ್ಲಿಂದ ಓಡಿಹೋಗಬೇಕು ಅನ್ನಿಸಿತು.

ಶನಿವಾರ ಸಂಜೆ ಅವನು ಅವಳನ್ನು ಪಳ್ಳಿಕರಣೈ ಜೌಗಿನ ಪಕ್ಕದ ರಸ್ತೆಗೆ ಕರೆದುಕೊಂಡು ಹೋದ. "ನಿಜವಾದ ಕೊಕ್ಕರೆ ತೋರಿಸ್ತೀನಿ ಬಾ" ಎಂದಿದ್ದ. ದೂರದಲ್ಲಿ ಕಸದ ಗುಡ್ಡ ಹೊಗೆಯಾಡುತ್ತಿತ್ತು. ಗಾಳಿಯಲ್ಲಿ ಕಮಟು ವಾಸನೆ. ನೀರಿನ ನಡುವೆ ಬೂದು ಹಕ್ಕಿಯೊಂದು ಕತ್ತು ಒಳಗೆಳೆದುಕೊಂಡು ಅಲ್ಲಾಡದೆ ನಿಂತಿತ್ತು.

"ಹತ್ತಿರ ಹೋದ್ರೂ ಕಾಣಲ್ಲ ನೋಡು, ಹುಲ್ಲಲ್ಲಿ ಹುಲ್ಲು," ಎಂದ. "ನಮ್ಮ ಸೈಟುಗಳೂ ಈಗ ಹಾಗೇ."

"ಅಂದ್ರೆ?"

"ಒಂದು ಆಸ್ಪತ್ರೆ ಸೈಟಿಗೆ ಕಳ್ಳರು ನುಗ್ಗೋಕೆ ನೋಡಿದ್ರು. ಪುಟದ ಒಳಗೆ ಹೆರಾನ್ ಅಂತ ಹೆಸರು, ವರ್ಷನ್ ನಂಬರ್ ಎಲ್ಲಾ ಇರುತ್ತಲ್ಲ, ಅದನ್ನ ನೋಡ್ಕೊಂಡೇ ಬಂದಿದ್ರು. ಬಾಗಿಲ ಮೇಲೆ ಯಾವ ಕಂಪನಿ ಬೀಗ ಅಂತ ಬರ್ದಿಟ್ಟ ಹಾಗೆ. ನಾನು ಎಲ್ಲಾ ಸೈಟಿಂದ್ಲೂ ಆ ಹೆಸರು ಅಳಿಸಿಬಿಡಿ ಅಂದೆ. ಊರಲ್ಲಿ ಹೆರಾನ್ ಕೆಲಸ ಮಾಡೋ ಬೇರೆಯೋರಿಗೂ ಹೇಳ್ದೆ, ಅವ್ರೂ ಅಳಿಸಿದ್ರು. ಈಗ ಯಾರೂ ಕಂಡುಹಿಡಿಯೋಕಾಗಲ್ಲ." ಮಗುವಿನ ಹಾಗೆ ಹೆಮ್ಮೆಪಡುತ್ತಿದ್ದ.

"ಯಾವಾಗ ಅಳಿಸಿದ್ದು?" ಎಂದಳು ಚಿನ್ಮಯಿ.

"ಪೊಂಗಲ್ ರಜೆ ಮುಗಿಸ್ಕೊಂಡು ಬಂದ ಮೇಲೆ. ಯಾಕೆ?"

ಜನವರಿ. ಗೆರೆ ಧುಮುಕಿದ್ದು ಜನವರಿಯಲ್ಲಿ. ಕೊಕ್ಕರೆ ಬಿದ್ದಿರಲಿಲ್ಲ, ಅವಿತುಕೊಂಡಿತ್ತು. ಬಚ್ಚಿಟ್ಟವನು ಇವನು, ಸತ್ತಿತೆಂದು ಬರೆದುಕೊಟ್ಟವಳು ತಾನು. ಯಾರೂ ನೋಡದ ಆ ಬೂದು ಪಟ್ಟಿ ಅದೇ ತಿಂಗಳು ಉಬ್ಬಿರಬೇಕಲ್ಲ! ಒಮ್ಮೆ ಕಣ್ಣು ಹಾಯಿಸಿದ್ದರೆ ಸಾಕಿತ್ತು.

"ಚಿನ್ನು, ಮೈಗೆ ಹುಷಾರಿಲ್ವಾ?"

"ವಾಸನೆ," ಎಂದಳು. "ಮನೆಗೆ ಹೋಗೋಣ."

ಸೋಮವಾರ ಮಧ್ಯಾಹ್ನದವರೆಗೆ ಮೇಜು ಬಿಟ್ಟು ಏಳಲಿಲ್ಲ. ಹೆಸರು ಹುಡುಕುವುದನ್ನು ಬಿಟ್ಟು, ಪುಟ ಕಟ್ಟಿದ ರೀತಿಯಿಂದಲೇ ಗುರುತಿಸುವಂತೆ ಪ್ರೋಗ್ರಾಮನ್ನು ತಿದ್ದಿದಳು. ಬೂದು ಪಟ್ಟಿಯಿಂದ ಕೊಕ್ಕರೆಗಳು ಒಂದೊಂದಾಗಿ ಎದ್ದು ಬಂದವು. ಹೊಸ ಗೆರೆ ಧುಮುಕಲಿಲ್ಲ. ಆದರೆ ಏರಲೂ ಇಲ್ಲ. ಮೊದಲಿನಂತೆ ಮೆಲ್ಲಗೆ, ಹಟ ಹಿಡಿದವರ ಹಾಗೆ, ಇಳಿಯುತ್ತಲೇ ಇತ್ತು.

ದಿನೇಶ್ ಎರಡೂ ಗೆರೆಗಳನ್ನು ನೋಡಿದ. "ಹೆಸರು ಅಳಿಸಿದ್ದಾರೆ ಅಂತ ನಿನಗೆ ಯಾರು ಹೇಳಿದ್ದು?"

"ಆ ಟೀಮಿನ ಹೆಡ್. ನಾನು ಮದುವೆಯಾಗಬೇಕು ಅಂತಿರೋ ಹುಡುಗ."

ಅವನಿಗೇ ಇನ್ನೂ ಹೇಳದ ಮಾತನ್ನು ಮೊದಲು ಮ್ಯಾನೇಜರ್ ಕಿವಿಗೆ ಹಾಕಿದ್ದಳು. ದಿನೇಶ್ ಕನ್ನಡಕ ತೆಗೆದು ಒರೆಸಿದ. "ತಿದ್ದುಪಡಿ ನಿನ್ನ ಹೆಸರಲ್ಲೇ ಕಳಿಸು. ಆ ಹುಡುಗನಿಗೆ ಏನೂ ಹೇಳಬೇಡ. ಹೇಳಿದರೆ ನಿನ್ನನ್ನ ಉಳಿಸಿಕೊಳ್ಳೋಕೆ ನನ್ನಿಂದ ಆಗಲ್ಲ."

ತಿದ್ದುಪಡಿ ಕಳಿಸಿದಳು. ಸಂಜೆ ಮನೆಗೆ ಬಂದು ಮೊಸರನ್ನ ಕಲೆಸಿದಳು.

ಮಾಂಬಲಂ ಸ್ಟೇಷನ್ನಿನ ಬೆಂಚಿನ ಮೇಲೆ ತಿರುಮಲೇಶ ಡಬ್ಬಿಯನ್ನು ಕಂಡು ಕಣ್ಣು ಮುಚ್ಚಿ ನಕ್ಕ. "ಏನು ಇವತ್ತು ಉಪಚಾರ?"

"ಮೊದಲು ತಿನ್ನು."

ನಗು ಅರ್ಧಕ್ಕೇ ನಿಂತಿತು. ಅವಳ ಮುಖ ನೋಡಿದ, ಡಬ್ಬಿ ನೋಡಿದ. "ಅಜ್ಜಿ ಪದ್ಧತೀನಾ?"

ಅವಳು ತಲೆ ಆಡಿಸಿದಳು.

ಅವನು ಡಬ್ಬಿಯ ಮುಚ್ಚಳ ತೆಗೆದ. ಒಂದು ಅಗುಳೂ ಬಿಡದೆ ತಿಂದ. ಎರಡು ರೈಲು ಬಂದು ಹೋದವು. ನಲ್ಲಿಯಲ್ಲಿ ಕೈ ತೊಳೆದು, ಡಬ್ಬಿಯನ್ನೂ ತೊಳೆದು ತಂದು ಮುಚ್ಚಳ ಹಾಕಿದ. "ಹೇಳು."

ಎಲ್ಲವನ್ನೂ ಹೇಳಿದಳು. ರಂಜನಿ ಕೇಳಿದ ಪ್ರಶ್ನೆ, ತಪ್ಪು ಗೆರೆ, ತಿದ್ದಿದ ಗೆರೆ. ಇದನ್ನು ಹೇಳುತ್ತಿರುವುದಕ್ಕೆ ತನ್ನ ಕೆಲಸ ಹೋಗುತ್ತದೆ ಎಂಬುದನ್ನು ಮಾತ್ರ ಬಿಟ್ಟಳು.

ಅವನು ಡಬ್ಬಿಯನ್ನು ಅವಳ ಕೈಗೆ ಕೊಟ್ಟ. "ಹೆಸರು ಅಳಿಸಿದ್ದು ನಾನು. ಅದರಲ್ಲಿ ನಿನ್ನ ತಪ್ಪೇನಿದೆ?" ಎಂದ. ಆಮೇಲೆ ಮೆಲ್ಲಗೆ, "ಆದ್ರೆ ಸೈದಾಪೇಟೇಲಿ ನಾನು ಸೆಂಡ್ ಒತ್ತುವಾಗ ನೀನು ನೋಡ್ತಾ ಇದ್ದೆ."

"ಹೌದು."

"ಅವತ್ತು ನೀನು ನಂಬಿದ್ದೆ, ಕೊಕ್ಕರೆ ಸತ್ತಿದೆ ಅಂತ."

"ಹೌದು."

"ಆದ್ರೂ ನಿಂತಿದೆ ಅಂದೆ."

ಮುಂದಿನ ರೈಲಿಗೆ ಅವನು ಹತ್ತಿದ. ಅದು ಬೀಚ್ ಸ್ಟೇಷನ್ ಕಡೆಗೆ ಹೋಗುವ ರೈಲು, ಅವನಿಗೆ ಆ ಕಡೆ ಯಾವ ಕೆಲಸವೂ ಇರಲಿಲ್ಲ. ಚಿನ್ಮಯಿ ಖಾಲಿ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಅತ್ತಳು.

ಆಮೇಲಿನ ದಿನಗಳಲ್ಲಿ ಬೆಳಗಿನ ರೈಲಿನಲ್ಲಿ ಅವನು ಕಾಣಲಿಲ್ಲ. ಅವಳಿಗೂ ಕೆಲವೇ ದಿನಗಳ ರೈಲು ಉಳಿದಿತ್ತು. ತಿರುಮಲೇಶನಿಗೆ ಎಲ್ಲಾ ಹೇಳಿದ್ದನ್ನು ತಾನೇ ಹೋಗಿ ದಿನೇಶನ ಮುಂದೆ ಒಪ್ಪಿಕೊಂಡಿದ್ದಳು. ಅವನು ರಾಜೀನಾಮೆ ಕೇಳಿ ತೆಗೆದುಕೊಂಡ. ಸಂಜೆ ಮನೆಗೆ ಬಂದವಳು ಲಿಂಕ್ಡ್‌ಇನ್ ತೆರೆದು ಆ ಟೀಮಿನ ಫೋಟೋಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಸತ್ಯನಾರಾಯಣರ ಫೋಟೋದ ಸುತ್ತ ಇನ್ನೂ ಹಸಿರು ಬಳೆ ಇರಲಿಲ್ಲ. ಆದರೆ ನಾಳೆಯೂ ಇರುವುದಿಲ್ಲ ಎಂದು ಯಾವ ಲೆಕ್ಕ ಹೇಳೀತು?

"ಉಣ್ಣೇ," ಎಂದು ಅಜ್ಜಿ ಕರೆದರೆ ಬೆಚ್ಚಿಬೀಳುತ್ತಿದ್ದಳು.

ಕೆಲಸ ಬಿಟ್ಟು ಮನೆಯಲ್ಲೇ ಇದ್ದ ಮೊದಲ ಶುಕ್ರವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತಿರುಮಲೇಶ ನಿಂತಿದ್ದ. ಆಫೀಸಿನ ಗುರುತಿನ ಚೀಟಿ ಇನ್ನೂ ಕೊರಳಲ್ಲಿತ್ತು. ಕೈಯಲ್ಲಿ ಸ್ಟೀಲ್ ಡಬ್ಬಿ.

ಡಬ್ಬಿ ಕಂಡದ್ದೇ ಚಿನ್ಮಯಿ ಒಂದು ಹೆಜ್ಜೆ ಹಿಂದೆ ಸರಿದಳು. ಅಜ್ಜಿಯೂ ನೋಡಿದಳು. ಅಡುಗೆಮನೆಗೆ ಹೋದಳು.

ಅವನು ಡಬ್ಬಿಯನ್ನು ಮೇಜಿನ ಮೇಲಿಟ್ಟ. ತೆರೆಯಲಿಲ್ಲ. "ಊಟ ಆಯ್ತಾ?"

"ಇಲ್ಲ."

"ಒಳ್ಳೇದಾಯ್ತು. ಹಸಿದಿರುವಾಗ್ಲೇ ಕೇಳು." ಅವನು ಕೂರಲಿಲ್ಲ. "ನಿನ್ನ ಮೇಲಿನ ಕೋಪ ಹೋಗಿಲ್ಲ. ಬೇಗ ಹೋಗೋ ಥರ ಕಾಣಲ್ಲ. ರೂಮಲ್ಲಿ ಒಬ್ಬನೇ ಕೂತ್ಕೊಂಡು ನೋಡ್ದೆ, ಅಲ್ಲಿ ಕೋಪ ಇನ್ನೂ ಜಾಸ್ತಿ ಆಗುತ್ತೆ. ನಿನ್ನ ಪಕ್ಕದಲ್ಲೇ ಇದ್ದು ಕಳ್ಕೋತೀನಿ. ಮದುವೆ ಆಗೋಣ."

ಚಿನ್ಮಯಿಗೆ ಕನ್ನಡವೂ ಬರಲಿಲ್ಲ, ಇಂಗ್ಲಿಷೂ ಬರಲಿಲ್ಲ. "ಶರಿ," ಎಂದಳು ತಮಿಳಿನಲ್ಲಿ. ಅಷ್ಟರಲ್ಲೇ ಕಣ್ಣು ತುಂಬಿದವು.

"ಶರಿ ಅಲ್ಲ. ಒಂದು ಷರತ್ತಿದೆ. ಕೇಳಿದ್ರೆ ನಿಜ ಹೇಳ್ಬೇಕು."

"ಕೇಳು."

"ಕೊಕ್ಕರೆ ಹೇಗಿದೆ?"

"ಇಳೀತಾ ಇದೆ," ಎಂದಳು. ಈ ಸಲ ಅವನ ಕಣ್ಣನ್ನೇ ನೋಡುತ್ತಿದ್ದಳು. "ನಿಧಾನಕ್ಕೆ. ಆದ್ರೆ ನಿಲ್ಲಲ್ಲ."

ಅವನು ತಲೆದೂಗಿದ. ಹೆಬ್ಬೆರಳಿನಿಂದ ಅವಳ ಕೆನ್ನೆ ಒರೆಸಿದ. ಅದೇ ಹೆಬ್ಬೆರಳು. ಅವಳು ಅದನ್ನು ಅಲ್ಲೇ ಒತ್ತಿ ಹಿಡಿದುಕೊಂಡಳು. ಅಷ್ಟು ಹೊತ್ತೂ ಅವನ ಜೇಬಿನಲ್ಲಿ ಫೋನು ಗುಂಯ್‌ಗುಡುತ್ತಲೇ ಇತ್ತು. ನಿಂತು ಮತ್ತೆ ಗುಂಯ್‌ಗುಟ್ಟಿತು. ಅವನು ತೆಗೆದು ನೋಡಲಿಲ್ಲ.

ನಂತರ ಅವನು ಮೆಲ್ಲಗೆ ಕೈ ಬಿಡಿಸಿಕೊಂಡು ಡಬ್ಬಿಯ ಮುಚ್ಚಳ ತೆರೆದ. ಚಿತ್ರಾನ್ನ, ತಾನೇ ಮಾಡಿದ್ದು. ಒಗ್ಗರಣೆ ಸೀದಿತ್ತು. ತಟ್ಟೆಗೆ ಬಡಿಸಿ ಅವಳ ಮುಂದಕ್ಕೆ ಸರಿಸಿದ.

"ಈಗ ಊಟ ಮಾಡು."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತುಹೋಯಿತು. ಶುಕ್ರವಾರ ಮಧ್ಯಾಹ್ನ ಅವನು ಆಫೀಸು ಬಿಟ್ಟು ಯಾಕೆ ಬಂದ ಎಂದು ಚಿನ್ಮಯಿ ಕೇಳಲಿಲ್ಲ. ಕೈ ತೊಳೆದ ಮೇಲೆ ಅವನು ಹೇಳುವ ಸುದ್ದಿ ಯಾವ ಟೀಮಿನದೆಂದು ಅವಳಿಗೆ ಗೊತ್ತಿತ್ತು. ಅವನು ತನಗೂ ಒಂದು ತಟ್ಟೆ ಬಡಿಸಿಕೊಂಡು ಅವಳ ಪಕ್ಕಕ್ಕೆ, ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ, ಕೂತ.

ಅವಳು ಮೊದಲ ತುತ್ತು ಎತ್ತಿದಳು. ಆದಷ್ಟು ನಿಧಾನವಾಗಿ ಉಣ್ಣತೊಡಗಿದಳು.